ನಡೆಯಲು, ಸೈಕಲ್ ತುಳಿಯಲು ಹಿತವಾದ ಬೀದಿ: ನಿಮ್ಮ ಊರಿನಲ್ಲಿ ಒಂದು ರಸ್ತೆಯಿಂದ ಶುರು ಮಾಡುವುದು ಹೇಗೆ?

ಪುರಸಭೆಗೆ ಹೋಗಿ "ನಮ್ಮೂರಿಗೆ ಒಳ್ಳೆ ಫುಟ್‌ಪಾತ್ ಮಾಡಿಸಿ ಸಾರ್" ಎಂದು ಕೇಳಿದರೆ "ನೋಡೋಣ, ಅನುದಾನ ಬರಲಿ" ಎಂಬ ಉತ್ತರ ಸಿಗುತ್ತದೆ. ಅದನ್ನೇ ಬೇರೆ ರೀತಿ ಕೇಳಿ ನೋಡಿ. ಉದಾಹರಣೆಗೆ, "ಬಸ್ ನಿಲ್ದಾಣದಿಂದ ಹೈಸ್ಕೂಲ್ ಗೇಟಿನವರೆಗೆ 650 ಮೀಟರ್ ದಾರಿ. 14 ಕಡೆ ಚರಂಡಿಯ ಮೇಲೆ ಚಪ್ಪಡಿ ಇಲ್ಲ. 6 ಕಡೆ ವಿದ್ಯುತ್ ಕಂಬ ಅಡ್ಡ ಇದೆ. ಎರಡು ಕಡೆ ಮಕ್ಕಳಿಗೆ ರಸ್ತೆ ದಾಟಲು ದಾರಿ ಬೇಕು." ಇದಕ್ಕೆ ಪುರಸಭೆಯ ಜೆಇ (ಜೂನಿಯರ್ ಇಂಜಿನಿಯರ್) ಎಸ್ಟಿಮೇಟ್, ಅಂದರೆ ಖರ್ಚಿನ ಅಂದಾಜು, ಹಾಕಬಹುದು. ಎಸ್ಟಿಮೇಟ್ ಹಾಕಲು ಆಗುವ ಬೇಡಿಕೆಗೇ ಹಣ ಸಿಗುವುದು. ಹಾಗೆ ಕೇಳುವುದು ಹೇಗೆ, ಕೇಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ. ಕರ್ನಾಟಕದ ಸಣ್ಣ ಮತ್ತು ಮಧ್ಯಮ ಊರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಬೆಂಗಳೂರು, ಮೈಸೂರಿನ ಬಡಾವಣೆಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32 ಸಾವಿರಕ್ಕೂ ಜಾಸ್ತಿ ಮಂದಿ ನಡೆದು ಹೋಗುತ್ತಿದ್ದವರು. ಅವರು ಯಾವ ವಾಹನದಲ್ಲೂ ಇರಲಿಲ್ಲ. ಹಾಲು ತರಲು, ಶಾಲೆಗೆ, ಬಸ್ಸಿಗೆ ಹೊರಟವರು. ನಡೆಯುವವರಿಗಾಗಿ ಬೀದಿ ಸರಿಮಾಡುವುದು ಊರನ್ನು ಅಂದಗೊಳಿಸುವ ಕೆಲಸ ಮಾತ್ರ ಅಲ್ಲ.

1. ಒಂದೇ ಒಂದು ರಸ್ತೆ ಹಿಡಿಯಿರಿ

ಇಡೀ ಊರಿಗೆ ಯೋಜನೆ ಹಾಕಲು ಹೋಗಬೇಡಿ. ಈಗಾಗಲೇ ಜನ ಅತಿ ಹೆಚ್ಚು ನಡೆಯುವ ಒಂದು ದಾರಿಯನ್ನು ಆರಿಸಿ. ಸಾಮಾನ್ಯವಾಗಿ ಅದು ಬಸ್ ನಿಲ್ದಾಣದಿಂದ ಶಾಲೆ ಅಥವಾ ಕಾಲೇಜಿಗೆ, ಸಂತೆ ಮೈದಾನಕ್ಕೆ, ತಾಲೂಕು ಆಸ್ಪತ್ರೆಗೆ ಹೋಗುವ ದಾರಿ. ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರ್ ಇದ್ದರೆ ಸಾಕು.

ವಾಕಿಂಗ್‌ಗೆ ಹೋಗುವವರ ಕೆರೆ ಏರಿಯನ್ನೋ ಪಾರ್ಕ್ ಸುತ್ತಲಿನ ರಸ್ತೆಯನ್ನೋ ಆರಿಸಿಕೊಳ್ಳುವ ಆಸೆ ಆಗುತ್ತದೆ. ಅಲ್ಲಿ ಕೆಲಸ ಸುಲಭ, ವಿರೋಧವೂ ಕಡಿಮೆ. ಆದರೆ ಬೇರೆ ದಾರಿಯಿಲ್ಲದೆ ದಿನಾ ನಡೆಯುವವರು ಆ ದಾರಿಯಲ್ಲಿ ಇರುವುದಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ತರಕಾರಿ ಮಾರುವವರು, ಶಾಲೆ ಮಕ್ಕಳು ಇರುವುದು ಪೇಟೆ ಬೀದಿಯಲ್ಲಿ. ಮೊದಲು ಅದನ್ನೇ ಹಿಡಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2. ರಸ್ತೆ ಯಾರದು ಎಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರು ತಿಂಗಳುಗಟ್ಟಲೆ ತಪ್ಪು ಕಚೇರಿಗೆ ಅಲೆಯುತ್ತಾರೆ. ಊರೊಳಗಿನ ಬೀದಿಗಳು ಪುರಸಭೆ, ನಗರಸಭೆ ಅಥವಾ ಪಾಲಿಕೆಯವು. ಆದರೆ ಎಷ್ಟೋ ಊರುಗಳಲ್ಲಿ ಪೇಟೆಯ ಮುಖ್ಯರಸ್ತೆಯೇ ರಾಜ್ಯ ಹೆದ್ದಾರಿ. ಅದು ಲೋಕೋಪಯೋಗಿ ಇಲಾಖೆಯ ಕೈಯಲ್ಲಿರುತ್ತದೆ. ರಾಷ್ಟ್ರೀಯ ಹೆದ್ದಾರಿ ಊರೊಳಗೆ ಹಾದು ಹೋದರೆ ಕಚೇರಿಯೇ ಬೇರೆ. ಚರಂಡಿ ಒಬ್ಬರದು, ಡಾಂಬರು ಇನ್ನೊಬ್ಬರದು ಆಗಿರುವ ರಸ್ತೆಗಳೂ ಇವೆ. ಪುರಸಭೆಯ ಇಂಜಿನಿಯರಿಂಗ್ ವಿಭಾಗದಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಬರಹದಲ್ಲಿ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಅದೇ ಅರ್ಜಿಯಲ್ಲಿ ದಾಖಲೆಯ ಪ್ರಕಾರ ರಸ್ತೆಯ ಅಗಲ ಎಷ್ಟು ಎಂದೂ ಕೇಳಿ. ಕಣ್ಣಿಗೆ ಕಾಣುವ ಅಗಲಕ್ಕೂ ದಾಖಲೆಯ ಅಗಲಕ್ಕೂ ವ್ಯತ್ಯಾಸ ಇರುವುದುಂಟು.

3. ಟೇಪು ಹಿಡಿದು ನಡೆಯಿರಿ

ನಾಲ್ಕೈದು ಜನ ಸೇರಿ ಇಡೀ ದಾರಿಯನ್ನು ನಿಧಾನವಾಗಿ ನಡೆಯಬೇಕು. ಯಾರನ್ನು ಕರೆದುಕೊಂಡು ಹೋಗುತ್ತೀರಿ ಎಂಬುದು ಮುಖ್ಯ. ಒಬ್ಬರು ವಯಸ್ಸಾದವರು, ಒಬ್ಬರು ಮಗು ಎತ್ತಿಕೊಂಡವರು, ಸಾಧ್ಯವಾದರೆ ಕಣ್ಣು ಕಾಣದವರು ಅಥವಾ ಗಾಲಿಕುರ್ಚಿ ಬಳಸುವವರು ಇರಲಿ. ಗಟ್ಟಿಮುಟ್ಟಾದ ಯುವಕರಷ್ಟೇ ಹೋದರೆ ಅರ್ಧ ತೊಂದರೆಗಳು ಕಾಣುವುದೇ ಇಲ್ಲ. ಒಮ್ಮೆ ಶಾಲೆ ಬಿಡುವ ಹೊತ್ತಿಗೆ, ಒಮ್ಮೆ ರಾತ್ರಿ ಎಂಟರ ಸುಮಾರಿಗೆ, ಒಮ್ಮೆ ಮಳೆ ಬಂದ ದಿನ ನಡೆಯಿರಿ. ರಾತ್ರಿ ನಡೆದಾಗ ಬೀದಿದೀಪ ರಸ್ತೆಯ ಮಧ್ಯಕ್ಕೆ ಬೆಳಕು ಬೀರುತ್ತಿದೆ, ಮರದ ಕೆಳಗಿನ ಫುಟ್‌ಪಾತ್ ಕತ್ತಲಲ್ಲಿದೆ ಎಂಬುದು ತಿಳಿಯುತ್ತದೆ. ಹೆಂಗಸರು ಕತ್ತಲಾದ ಮೇಲೆ ಯಾಕೆ ಆ ದಾರಿ ಬಿಟ್ಟು ಸುತ್ತಿ ಹೋಗುತ್ತಾರೆ ಎಂಬುದಕ್ಕೂ ಉತ್ತರ ಸಿಗುತ್ತದೆ.

ಏನನ್ನು ಅಳೆಯಬೇಕು? ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ) ಎಂಬ ಸಂಸ್ಥೆ ರಸ್ತೆಗಳಿಗೆ ಮಾನದಂಡ ಕೊಡುತ್ತದೆ. ಪಾದಚಾರಿಗಳ ಸೌಲಭ್ಯಕ್ಕೆ ಇರುವುದು ಐಆರ್‌ಸಿ 103. ಇಂಜಿನಿಯರ್‌ಗಳು ಗೌರವ ಕೊಡುವುದು ಇದಕ್ಕೆ. ಹಾಗಾಗಿ ಅದರ ಸಂಖ್ಯೆಗಳನ್ನೇ ಬಳಸಿ.

ಅಗಲ: ಅಡೆತಡೆ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಜಾಗ. ಕಂಬ, ಮರ, ಬೋರ್ಡು ಎಲ್ಲ ಇದರ ಆಚೆಗೆ ಇರಬೇಕು. ಗಾಲಿಕುರ್ಚಿಗಳು ಎದುರುಬದುರಾದರೆ ದಾಟಿ ಹೋಗಲು ಇಷ್ಟು ಬೇಕು. ಅಂಗಡಿ ಬೀದಿಯಲ್ಲಿ ಇನ್ನೂ ಜಾಸ್ತಿ ಬೇಕು.

ಮೇಲಿನ ಜಾಗ: ನೆಲದಿಂದ 2.2 ಮೀಟರ್‌ವರೆಗೆ ಏನೂ ನೇತಾಡಬಾರದು. ಅಂಗಡಿಯ ತಗಡಿನ ಚಾವಣಿ, ಫ್ಲೆಕ್ಸಿನ ಕಂಬಿ, ಬಾಗಿದ ಕೊಂಬೆ ಇಲ್ಲಿ ತೊಂದರೆ ಕೊಡುತ್ತವೆ.

ಎತ್ತರ: ರಸ್ತೆಯಿಂದ ಫುಟ್‌ಪಾತ್ 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು. ನಮ್ಮಲ್ಲಿ ಬೈಕ್ ಹತ್ತದಿರಲಿ ಎಂದು ಒಂದಡಿ ಎತ್ತರ ಕಟ್ಟಿಬಿಡುತ್ತಾರೆ. ಬೈಕ್ ಹೇಗೋ ಹತ್ತುತ್ತದೆ, ಮಂಡಿನೋವಿನ ಅಜ್ಜಿ ಹತ್ತುವುದಿಲ್ಲ. ಅವರು ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ "ಫುಟ್‌ಪಾತ್ ಇದ್ದರೂ ಜನ ಬಳಸುವುದಿಲ್ಲ" ಎಂಬ ಮಾತು ಕೇಳಬೇಕಾಗುತ್ತದೆ.

ಇಳಿಜಾರು: ಫುಟ್‌ಪಾತಿನಿಂದ ರಸ್ತೆಗೆ ಇಳಿಯುವ ಕಡೆ 1:12 ಇಳಿಜಾರು ಬೇಕು. ಅಂದರೆ 15 ಸೆಂ.ಮೀ. ಎತ್ತರಕ್ಕೆ 180 ಸೆಂ.ಮೀ. ಉದ್ದ.

ನಮ್ಮ ಊರುಗಳಲ್ಲಿ ಫುಟ್‌ಪಾತ್ ಅಂದರೆ ಹೆಚ್ಚಾಗಿ ಚರಂಡಿಯ ಮೇಲಿನ ಚಪ್ಪಡಿ, ಅಲ್ವಾ? ಅದಕ್ಕೇ ಚಪ್ಪಡಿಗಳನ್ನು ಒಂದೊಂದಾಗಿ ನೋಡಿ. ಎಲ್ಲಿ ಒಡೆದಿದೆ, ಎಲ್ಲಿ ಅಲ್ಲಾಡುತ್ತದೆ, ಎಲ್ಲಿ ಎರಡರ ನಡುವೆ ಕಾಲು ಸಿಕ್ಕುವಷ್ಟು ಸಂದು ಇದೆ, ಎಲ್ಲಿ ಹೂಳು ತೆಗೆದ ಮೇಲೆ ವಾಪಸ್ ಮುಚ್ಚಿಲ್ಲ ಎಂದು ಗುರುತು ಮಾಡಿ. ಪ್ರತಿ ಅಂಗಡಿ, ಪ್ರತಿ ಮನೆ ತನ್ನ ಮೆಟ್ಟಿಲನ್ನೋ ಕಾರಿನ ಇಳಿಜಾರನ್ನೋ ಫುಟ್‌ಪಾತಿನ ಮೇಲೆ ಚಾಚಿದ್ದರೆ ನಡೆಯುವವರು ಹತ್ತಿ ಇಳಿದು ಸುಸ್ತಾಗುತ್ತಾರೆ. ಸರಿಯಾದ ಕ್ರಮ ಏನೆಂದರೆ, ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು, ಗೇಟಿನೊಳಗೆ ಹೋಗುವ ಕಾರು ಅದನ್ನು ಹತ್ತಿ ದಾಟಬೇಕು.

ಪ್ರತಿ ತೊಂದರೆಗೂ ಒಂದು ಸಂಖ್ಯೆ, ಒಂದು ಫೋಟೋ, ಹತ್ತಿರದ ಗುರುತು. "7. ಗ್ರಂಥಾಲಯದ ಎದುರು, ಟ್ರಾನ್ಸ್‌ಫಾರ್ಮರ್ ಅಡ್ಡ, ಉಳಿದ ಜಾಗ 40 ಸೆಂ.ಮೀ." ಇಷ್ಟು ಬರೆದರೆ ಸಾಕು. ಫೋಟೋದಲ್ಲಿ ಟೇಪು ಕಾಣುವಂತೆ ಹಿಡಿಯಿರಿ.

4. ಎಣಿಸಿ

ಒಂದೇ ಜಾಗದಲ್ಲಿ ನಿಂತು ಒಂದು ಗಂಟೆ ಎಷ್ಟು ಜನ ನಡೆದರು, ಎಷ್ಟು ಸೈಕಲ್, ಎಷ್ಟು ಬೈಕ್, ಎಷ್ಟು ಕಾರು ಹೋದವು ಎಂದು ಗೆರೆ ಹಾಕುತ್ತಾ ಎಣಿಸಿ. ಹೈಸ್ಕೂಲ್ ಮಕ್ಕಳು ಇದನ್ನು ಖುಷಿಯಿಂದ ಮಾಡುತ್ತಾರೆ. ನಡೆಯುವವರಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರನ್ನು ಬೇರೆ ಬೇರೆ ಬರೆದುಕೊಳ್ಳಿ. ಜತೆಗೆ ಎಷ್ಟು ಮಂದಿ ಫುಟ್‌ಪಾತ್ ಬಿಟ್ಟು ರಸ್ತೆಯಲ್ಲಿ ನಡೆದರು ಎಂದೂ ಎಣಿಸಿ. ಕೆಲಸ ಮುಗಿದ ಮೇಲೆ ಅದೇ ದಿನ, ಅದೇ ಹೊತ್ತಿಗೆ ಮತ್ತೆ ಎಣಿಸಬೇಕು, ಕಾಗದ ಜೋಪಾನ.

5. ಅಗಲದ ಲೆಕ್ಕ ಬಿಡಿಸಿ

"ಜಾಗವೇ ಇಲ್ಲ ಸ್ವಾಮಿ" ಎಂಬುದು ಎಲ್ಲ ಊರಿನಲ್ಲೂ ಮೊದಲು ಬರುವ ಮಾತು. ಇದಕ್ಕೆ ಬಾಯಿಮಾತಿನ ಉತ್ತರ ನಿಲ್ಲುವುದಿಲ್ಲ. ಲೆಕ್ಕ ತೋರಿಸಬೇಕು.

ಕಟ್ಟಡದಿಂದ ಕಟ್ಟಡಕ್ಕೆ 12 ಮೀಟರ್ ರಸ್ತೆ ಇದೆ ಎಂದುಕೊಳ್ಳಿ. ಎರಡೂ ಬದಿಗೆ 1.8 ಮೀಟರ್ ಫುಟ್‌ಪಾತ್ ಕೊಟ್ಟರೆ 3.6 ಹೋಯಿತು. ಚರಂಡಿ ಅದರ ಕೆಳಗೇ ಇರುತ್ತದೆ. ಉಳಿದದ್ದು 8.4. ಊರೊಳಗೆ ನಿಧಾನವಾಗಿ ಓಡುವ ವಾಹನಗಳಿಗೆ ಒಂದೊಂದು ಕಡೆ 3 ಮೀಟರ್ ಸಾಕು, ಬಸ್ಸೂ ಹೋಗುತ್ತದೆ. ಅಲ್ಲಿಗೆ 6 ಮೀಟರ್. ಇನ್ನೂ 2.4 ಮೀಟರ್ ಉಳಿಯಿತು. ಅದನ್ನು ಒಂದು ಬದಿಯಲ್ಲಿ ಪಟ್ಟಿಯಾಗಿ ಬಿಟ್ಟು ಸ್ವಲ್ಪ ದೂರ ಮರ, ಸ್ವಲ್ಪ ದೂರ ತಳ್ಳುಗಾಡಿ, ಸ್ವಲ್ಪ ದೂರ ಬೈಕ್ ಮತ್ತು ಆಟೋ ನಿಲ್ಲಿಸಲು ಹಂಚಬಹುದು. ಕಂಬ, ಟ್ರಾನ್ಸ್‌ಫಾರ್ಮರ್ ಹೋಗಬೇಕಾದದ್ದೂ ಆ ಪಟ್ಟಿಗೇ.

9 ಮೀಟರ್ ಇದ್ದರೆ ಕಷ್ಟ, ಆದರೆ ಆಗದ ಕೆಲಸ ಅಲ್ಲ. ಫುಟ್‌ಪಾತ್ ಕಳೆದರೆ 5.4 ಉಳಿಯುತ್ತದೆ. ನಿಲುಗಡೆ ಪೂರ್ತಿ ತೆಗೆದು ಎರಡೂ ದಿಕ್ಕಿಗೆ ನಿಧಾನ ಸಂಚಾರ ಬಿಡಬಹುದು. ಇಲ್ಲವೇ ಏಕಮುಖ ಮಾಡಿ ಒಂದು ಬದಿಗೆ ಬೈಕ್ ನಿಲ್ಲಿಸಬಹುದು. ಏಕಮುಖ ಮಾಡುವಾಗ ಎಚ್ಚರ: ಎದುರಿಗೆ ಯಾರೂ ಬರುವುದಿಲ್ಲ ಎಂದು ಗೊತ್ತಾದ ತಕ್ಷಣ ವೇಗ ಏರುತ್ತದೆ. ಸೈಕಲ್‌ನವರು ಅನಗತ್ಯವಾಗಿ ಸುತ್ತಬೇಕಾಗುತ್ತದೆ. ಅವರಿಗೆ ಎರಡೂ ದಿಕ್ಕಿಗೆ ಹೋಗಲು ಬಿಡಿ ಎಂದು ಮೊದಲೇ ಕೇಳಿ.

6 ಮೀಟರ್‌ಗಿಂತ ಕಿರಿದಾದ ಓಣಿಯಲ್ಲಿ ಫುಟ್‌ಪಾತ್ ಕೇಳಲೇಬೇಡಿ. ಅಲ್ಲಿ ಬೀದಿ ಪೂರ್ತಿ ಒಂದೇ ಮಟ್ಟದಲ್ಲಿರಲಿ, ವಾಹನ ನಡಿಗೆಯ ವೇಗದಲ್ಲಿ ಬರಲಿ. ಹಳೇ ಬಡಾವಣೆಗಳ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ (ಹಿಂದೆ ಶುಚಿ ಕೆಲಸದವರು ಓಡಾಡಲು ಬಿಟ್ಟಿದ್ದ ಕಿರುದಾರಿ) ಇದ್ದರೆ ಅದನ್ನೂ ನೋಡಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಸ ತುಂಬಿದ್ದ ಇಂಥ ಓಣಿಗಳನ್ನು ಶುಚಿ ಮಾಡಿ, ಬಣ್ಣ ಬಳಿದು ನಡೆಯುವ ದಾರಿ ಮಾಡಿದ್ದಾರೆ.

6. ವೇಗ ಮತ್ತು ದಾಟುವ ಜಾಗ: ಟೈಲ್ಸಿಗಿಂತ ಇದು ಮೊದಲು

ಹಣ ಕಡಿಮೆ ಇದ್ದು ಒಂದೇ ಕೆಲಸ ಮಾಡಿಸಬಹುದು ಎಂದಾದರೆ ರಸ್ತೆ ದಾಟುವ ಜಾಗವನ್ನು ಸರಿ ಮಾಡಿಸಿ. ಫುಟ್‌ಪಾತ್ ಕೆಟ್ಟಿದ್ದರೆ ಕಾಲು ಉಳುಕಬಹುದು. ದಾಟುವಾಗ ವೇಗದ ವಾಹನ ಬಡಿದರೆ ಜೀವ ಹೋಗುತ್ತದೆ. ಕಾರಿನ ವೇಗ ಗಂಟೆಗೆ 50 ಕಿ.ಮೀ.ನಿಂದ 65ಕ್ಕೆ ಏರಿದರೆ ಅದು ಬಡಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆ, ಆಸ್ಪತ್ರೆ, ಸಂತೆಯ ಬಳಿ 30 ಕಿ.ಮೀ. ಮಿತಿ ಕೇಳುವುದು ಅದಕ್ಕೇ.

ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ರಸ್ತೆಯ ಆಕಾರವೇ ವೇಗವನ್ನು ಇಳಿಸಬೇಕು. ಮೂರು ಉಪಾಯಗಳಿವೆ.

ಮೊದಲನೆಯದು ಎತ್ತರಿಸಿದ ದಾಟುದಾರಿ. ಶಾಲೆಯ ಗೇಟಿನ ಎದುರು ಫುಟ್‌ಪಾತಿನ ಮಟ್ಟಕ್ಕೇ ರಸ್ತೆಯನ್ನು ಎತ್ತರಿಸಿ, ಮೇಲೆ ಜೀಬ್ರಾ ಪಟ್ಟೆ ಬಳಿಯುವುದು. ಮಕ್ಕಳು ಇಳಿಯದೆ, ಹತ್ತದೆ ನೇರ ದಾಟುತ್ತಾರೆ. ವಾಹನ ಹತ್ತಿ ಇಳಿಯಬೇಕಾದ್ದರಿಂದ ತಾನಾಗಿ ನಿಧಾನವಾಗುತ್ತದೆ. ಸುಮ್ನೆ ಬಿಳಿ ಪಟ್ಟೆ ಬಳಿದ ಜೀಬ್ರಾಗಿಂತ ಇದು ನೂರು ಪಾಲು ಮೇಲು. ಮಳೆನೀರು ಅಲ್ಲಿ ನಿಲ್ಲದಂತೆ ಪಕ್ಕದಲ್ಲಿ ದಾರಿ ಬಿಡಿಸುವುದನ್ನು ಮರೆಯಬೇಡಿ.

ಎರಡನೆಯದು ಸರಿಯಾದ ಹಂಪ್. ಊರವರೇ ಹಾಕಿಸುವ ಕಡಿದಾದ ಹಂಪ್‌ಗಳಲ್ಲಿ ಬೈಕ್‌ನ ಹಿಂದೆ ಕೂತವರು ಬೀಳುತ್ತಾರೆ, ಗರ್ಭಿಣಿಯರಿಗೆ ತೊಂದರೆ, ಆಂಬ್ಯುಲೆನ್ಸಿಗೂ ತೊಂದರೆ. ಐಆರ್‌ಸಿ 99ರ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ದುಂಡಗೆ ಇರಬೇಕು. ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು, ಅದಕ್ಕಿಂತ ಜೋರಾಗಿ ಬಂದರೆ ಕುಲುಕುತ್ತದೆ. ಬಣ್ಣ, ಮುಂಚಿನ ಎಚ್ಚರಿಕೆ ಫಲಕ ಎರಡೂ ಕಡ್ಡಾಯ.

ಮೂರನೆಯದು ತಿರುವಿನ ಮೂಲೆ. ಅಡ್ಡರಸ್ತೆ ಸೇರುವ ಕಡೆ ಮೂಲೆಯನ್ನು ತುಂಬ ಅಗಲವಾಗಿ ಬಾಗಿಸಿದ್ದರೆ ವಾಹನಗಳು ವೇಗ ಕಡಿಮೆ ಮಾಡದೆ ತಿರುಗುತ್ತವೆ. ದಾಟುವ ದೂರವೂ ಹೆಚ್ಚುತ್ತದೆ. ಮೂಲೆಯನ್ನು ಬಿಗಿ ಮಾಡಿ ಫುಟ್‌ಪಾತನ್ನು ಸ್ವಲ್ಪ ಮುಂದೆ ತಂದರೆ ಎರಡೂ ಸರಿಹೋಗುತ್ತವೆ. ಇದು ಅಗ್ಗದ ಕೆಲಸ, ಆದರೆ ಬಹಳ ಕಡೆ ಯಾರಿಗೂ ಹೊಳೆಯುವುದಿಲ್ಲ.

ರಸ್ತೆ ಅಗಲವಾಗಿದ್ದರೆ ನಡುವೆ ನಿಂತುಕೊಳ್ಳಲು ಜಾಗ ಬೇಕು. ಸೈಕಲ್ ಸಮೇತ ನಿಲ್ಲಬೇಕಾದರೆ ಅದು 2 ಮೀಟರ್ ಅಗಲ ಇರಲಿ. ಸಿಗ್ನಲ್ ಇದ್ದರೆ ಸೆಕೆಂಡು ಎಣಿಸಿ. ಆರೋಗ್ಯವಂತರ ನಡಿಗೆಗೆ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಲೆಕ್ಕ ಹಿಡಿಯುತ್ತಾರೆ. 12 ಮೀಟರ್ ರಸ್ತೆಗೆ 10 ಸೆಕೆಂಡು. ನಿಧಾನ ನಡೆಯುವ ಹಿರಿಯರಿಗೆ 15 ಸೆಕೆಂಡಾದರೂ ಬೇಕು.

ಸ್ಕೈವಾಕ್ ಕೊಡುತ್ತೇವೆ ಎಂದರೆ ಊರೊಳಗೆ ಬೇಡ ಎನ್ನಿ. ನಾಲ್ಕು ಹೆಜ್ಜೆ ದಾಟಲು ಎರಡು ಮಹಡಿ ಹತ್ತಿ ಇಳಿಯುವ ಶಿಕ್ಷೆ ನಡೆಯುವವರಿಗೆ ಯಾಕೆ? ಲಿಫ್ಟ್ ಕೆಟ್ಟ ದಿನ ಅದು ವಯಸ್ಸಾದವರಿಗೆ ಮುಚ್ಚಿದ ಬಾಗಿಲು. ಅದರ ಕಂಬಗಳು ಕೆಳಗಿನ ಫುಟ್‌ಪಾತನ್ನೂ ತಿನ್ನುತ್ತವೆ. ವೇಗದ ಹೆದ್ದಾರಿಗೆ ಅದು ಬೇಕಾಗಬಹುದು, ಪೇಟೆ ಬೀದಿಗೆ ಖಂಡಿತ ಬೇಡ.

7. ಸೈಕಲ್ಲಿಗೆ ಏನು ಕೇಳಬೇಕು?

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಲಕ್ಷಾಂತರ ಮಕ್ಕಳ ಕೈಗೆ ಸೈಕಲ್ ಬಂತು. ಅಷ್ಟು ಸೈಕಲ್‌ಗಳಿಗೆ ತಕ್ಕ ದಾರಿ ಮಾತ್ರ ಆಗಲಿಲ್ಲ. ಲಾರಿ, ಬಸ್ಸುಗಳ ನಡುವೆ ಮಗಳನ್ನು ಸೈಕಲ್ಲಿನಲ್ಲಿ ಕಳಿಸಲು ಅಪ್ಪ ಅಮ್ಮ ಹೆದರಿದರೆ ಅದು ಅವರ ತಪ್ಪಲ್ಲ.

ಸೈಕಲ್ ಅಂದ ಕೂಡಲೇ ಪ್ರತ್ಯೇಕ ಪಥ ಕೇಳುವುದು ರೂಢಿ. ನನ್ನ ಮಾತು ಕೇಳುವುದಾದರೆ ಅದರಿಂದ ಶುರು ಮಾಡಬೇಡಿ. ಬರೀ ಬಣ್ಣ ಬಳಿದ ಸೈಕಲ್ ಪಥ ನಮ್ಮಲ್ಲಿ ಬಲುಬೇಗ ಪಾರ್ಕಿಂಗ್ ಆಗುತ್ತದೆ. ಬೆಂಗಳೂರಿನ ಜಯನಗರದ ಸೈಕಲ್ ಪಥಗಳಿಗೆ ಅದೇ ಆಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಬೇರೆ ಮಾಡಿದ ಸೈಕಲ್ ಪಥವೂ ಉಳಿಯಲಿಲ್ಲ.

ಒಳರಸ್ತೆಗಳಲ್ಲಿ ವೇಗ 30ಕ್ಕೆ ಇಳಿದರೆ ಸೈಕಲ್ ಎಲ್ಲರ ಜತೆ ಹೋಗಬಹುದು. ಬೇರೆ ಪಥ ಬೇಕಿಲ್ಲ. ಬೇರೆ ಪಥ ಬೇಕಾಗುವುದು ವಾಹನ ವೇಗವಾಗಿ ಓಡುವ ದೊಡ್ಡ ರಸ್ತೆಯಲ್ಲಿ, ಬೈಪಾಸ್ ಬದಿಯಲ್ಲಿ, ಕೈಗಾರಿಕಾ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ. ಅಲ್ಲಿ ಕನಿಷ್ಠ 2 ಮೀಟರ್ ಅಗಲ, ಮಟ್ಟದಲ್ಲೇ ಬೇರೆಯಾದ ಅಥವಾ ಕಲ್ಲಿನ ಅಂಚಿರುವ ಪಥ ಕೇಳಿ. ಇಲ್ಲವೇ ರಸ್ತೆಯನ್ನೇ ಬಿಟ್ಟು ರಾಜಕಾಲುವೆ, ಕೆರೆ ಏರಿ, ನಾಲೆಯ ಬದಿ ಹುಡುಕಿ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಬದಿಯಲ್ಲಿ ನಡಿಗೆ ಮತ್ತು ಸೈಕಲ್ ದಾರಿ ಮಾಡುವ ಯೋಜನೆ ಹೊರಟಿದ್ದು ಹೀಗೆಯೇ. ಎರಡು ಬಡಾವಣೆ ಸೇರಿಸುವ ಇಂಥ ದಾರಿಯಲ್ಲಿ ಅಡ್ಡರಸ್ತೆಗಳು ಕಡಿಮೆ, ನೆರಳು ಜಾಸ್ತಿ.

ಮೊದಲ ವರ್ಷವೇ ಆಗಬಹುದಾದ ಸಣ್ಣ ಕೆಲಸಗಳು ಬೇರೆ ಇವೆ. ರಸ್ತೆ ಬದಿಯ ಮಳೆನೀರಿನ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ. ಅಡ್ಡಕ್ಕೆ ತಿರುಗಿಸಿ ಹಾಕಿಸಬೇಕು. ಬಸ್ ನಿಲ್ದಾಣ, ಮಾರುಕಟ್ಟೆ, ಗ್ರಂಥಾಲಯ, ಸರ್ಕಾರಿ ಕಚೇರಿಗಳ ಬಳಿ ಸೈಕಲ್ ಕಟ್ಟಿಹಾಕಲು ಬಾಗಿಸಿದ ಕಬ್ಬಿಣದ ಪೈಪುಗಳನ್ನು ನೆಡಿಸಿ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ. ಚಾವಣಿ ಇದ್ದರೆ ಸೀಟು ಬಿಸಿಯಾಗುವುದಿಲ್ಲ, ಒದ್ದೆಯಾಗುವುದಿಲ್ಲ. ಕಳ್ಳತನದ ಭಯ ಹೋದರೆ ಬಸ್ ನಿಲ್ದಾಣದವರೆಗೆ ಸೈಕಲ್, ಅಲ್ಲಿಂದ ಬಸ್ ಎಂಬ ಅಭ್ಯಾಸ ತಾನಾಗಿ ಬೆಳೆಯುತ್ತದೆ.

ಬಾಡಿಗೆ ಸೈಕಲ್ ವ್ಯವಸ್ಥೆ ಬೇಕೇ? ಮೈಸೂರಿನ ಟ್ರಿಣ್ ಟ್ರಿಣ್ 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾಯಿತು. ದೇಶದ ಮೊದಲ ಇಂಥ ವ್ಯವಸ್ಥೆಗಳಲ್ಲಿ ಅದೂ ಒಂದು. ಮೈಸೂರಿಗೆ ಪ್ರವಾಸಿಗರು, ವಿದ್ಯಾರ್ಥಿಗಳು, ಅಗಲ ರಸ್ತೆಗಳು ಎಲ್ಲ ಇವೆ. ಚಿಕ್ಕ ಊರಿಗೆ ಅದಕ್ಕಿಂತ ಮೊದಲು ಬೇಕಾದದ್ದು ಮನೆಯಲ್ಲಿ ಮೂಲೆ ಸೇರಿರುವ ಸೈಕಲ್ ಹೊರಬರುವ ಧೈರ್ಯ.

8. ಸುಣ್ಣದ ಗೆರೆ ಎಳೆದು ಪ್ರಯೋಗ ಮಾಡಿ

ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವಂತೆ ರಸ್ತೆಯ ಮೇಲೆ ಸುಣ್ಣದಲ್ಲಿ ಹೊಸ ಅಂಚು ಎಳೆಯಿರಿ. ಮರಳಿನ ಚೀಲ, ಪೊಲೀಸರ ಕೋನ್ ಇಟ್ಟು ಒಂದು ಭಾನುವಾರ ಹೇಗೆ ನಡೆಯುತ್ತದೆ ನೋಡಿ. ಪುರಸಭೆ ಮತ್ತು ಪೊಲೀಸ್ ಠಾಣೆಯ ಲಿಖಿತ ಅನುಮತಿ ಇಲ್ಲದೆ ಮಾಡಬೇಡಿ. ಬಸ್ ತಿರುಗುತ್ತದೆಯೇ, ಲೋಡ್ ಇಳಿಸುವ ಟೆಂಪೋ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಕಲ್ಲು ಹಾಕಿದ ಮೇಲೆ ಬದಲಿಸುವುದು ಕಷ್ಟ, ಸುಣ್ಣ ಅಳಿಸುವುದು ಸುಲಭ.

ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ 2013ರಿಂದ ಬೆಂಗಳೂರಿನ ಬಡಾವಣೆಗಳಲ್ಲಿ ಸೈಕಲ್ ದಿನ ನಡೆಸಿದ್ದು, 2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಕ್ಕೆ ವಾಹನ ಬಿಡದೆ ನೋಡಿದ್ದು ಎಲ್ಲ ಇದೇ ಜಾತಿಯ ಪ್ರಯೋಗಗಳು. ನಿಮ್ಮ ಊರಿನಲ್ಲಿ ಜಾತ್ರೆ ದಿನ ತೇರು ಬೀದಿಗೆ ವಾಹನ ಬಿಡುವುದಿಲ್ಲ ತಾನೇ? ಅಂದು ವ್ಯಾಪಾರ ಹೇಗಿರುತ್ತದೆ ಎಂದು ಅಂಗಡಿಯವರನ್ನೇ ಕೇಳಿ.

9. ಅಂಗಡಿಯವರು, ಬೀದಿ ವ್ಯಾಪಾರಿಗಳು

ಅಂಗಡಿಯವರ ಭಯ ನಿಜವಾದದ್ದು. "ಗಾಡಿ ನಿಲ್ಲಿಸಲು ಜಾಗ ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ." ವಾದಕ್ಕೆ ಇಳಿಯಬೇಡಿ. ಶನಿವಾರ ಸಂಜೆ ಅವರ ಅಂಗಡಿ ಸಾಲಿನಲ್ಲೇ ನಿಂತು ನೂರು ಗಿರಾಕಿಗಳನ್ನು "ಹೇಗೆ ಬಂದಿರಿ?" ಎಂದು ಕೇಳಿ ಬರೆದುಕೊಳ್ಳಿ. ಉತ್ತರ ಏನೇ ಬಂದರೂ ಅವರ ಮುಂದಿಡಿ. ಬೆಳಗ್ಗೆಯಿಂದ ರಾತ್ರಿಯವರೆಗೆ ಅಲುಗದೆ ನಿಂತಿರುವ ಗಾಡಿಗಳು ಎಷ್ಟು, ಅವು ಯಾರವು ಎಂದೂ ನೋಡಿ. ಅಂಗಡಿಯವರದೇ ಆಗಿದ್ದರೆ ಅವುಗಳಿಗೆ ಹಿಂದಿನ ಬೀದಿಯಲ್ಲಿ ಜಾಗ ಹುಡುಕಿದರೆ ಅರ್ಧ ಜಗಳ ಮುಗಿಯುತ್ತದೆ.

ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದು ಫುಟ್‌ಪಾತ್ ಉಳಿಸುವ ದಾರಿ ಅಲ್ಲ. ನಡೆಯುವವರೇ ಅವರ ಗಿರಾಕಿಗಳು. ಹೂವಿನವರು, ಸೊಪ್ಪಿನವರು ಇರುವ ಬೀದಿಯಲ್ಲಿ ಸಂಜೆ ಹೆಣ್ಣುಮಕ್ಕಳಿಗೆ ನಡೆಯಲು ಧೈರ್ಯವೂ ಇರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ನಿಮ್ಮ ನಕ್ಷೆಯನ್ನು ಅವರಿಗೆ ಮೊದಲೇ ತೋರಿಸಿ. 1.8 ಮೀಟರ್ ನಡಿಗೆಗೆ ಬಿಟ್ಟು ಮರ, ನಿಲುಗಡೆಗೆ ಬಿಟ್ಟ ಬದಿಯ ಪಟ್ಟಿಯಲ್ಲಿ ಅವರ ಜಾಗ ಗುರುತಿಸಿ.

10. ಬಜೆಟ್ ಹೊತ್ತಿಗೆ ಅರ್ಜಿ ಕೊಡಿ

ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಬಹಳಷ್ಟು ಸ್ಥಳೀಯ ಸಂಸ್ಥೆಗಳು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಬಜೆಟ್ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತವೆ. ಆ ಸಭೆಗೆ ಹೋಗುವವರು ಕಡಿಮೆ. ಹತ್ತು ಜನ ಹೋಗಿ ಒಂದೇ ರಸ್ತೆಯ ಬಗ್ಗೆ ಮಾತಾಡಿದರೆ ಅದು ಎದ್ದು ಕಾಣುತ್ತದೆ. ಹಾಗಾಗಿ ಮಳೆಗಾಲ ಮುಗಿಯುತ್ತಲೇ ಅಳತೆ, ನವೆಂಬರ್‌ನಲ್ಲಿ ಅರ್ಜಿ, ಆಮೇಲೆ ಬಜೆಟ್ ಸಭೆ ಎಂದು ಇಟ್ಟುಕೊಳ್ಳಿ.

ಅರ್ಜಿ ಎರಡು ಪುಟ ಮೀರದಿರಲಿ. ಮೊದಲ ಪುಟದಲ್ಲಿ ನಕ್ಷೆ, ಎರಡನೆಯದರಲ್ಲಿ ಸಂಖ್ಯೆ ಹಾಕಿದ ಪಟ್ಟಿ. ಪುರಸಭೆಯಾದರೆ ಮುಖ್ಯಾಧಿಕಾರಿ, ನಗರಸಭೆಯಾದರೆ ಪೌರಾಯುಕ್ತ, ಪಾಲಿಕೆಯಾದರೆ ಆಯುಕ್ತರ ಹೆಸರಿಗೆ ಬರೆಯಿರಿ. ಒಂದು ಪ್ರತಿ ವಾರ್ಡ್ ಸದಸ್ಯರಿಗೆ, ಒಂದು ಶಾಸಕರ ಕಚೇರಿಗೆ. ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸದೆ ಕಚೇರಿಯಿಂದ ಹೊರಗೆ ಬರಬೇಡಿ. ಅಪಘಾತ ಆಗುವ ಜಾಗಗಳಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ. ಹೆದ್ದಾರಿ, ಪುರಸಭೆ, ಪೊಲೀಸ್ ಮೂವರೂ ಒಂದೇ ಮೇಜಿಗೆ ಬರುವುದು ಅಲ್ಲಿ.

ಅರ್ಜಿಯಲ್ಲಿ ಕಾನೂನನ್ನು ಮೆತ್ತಗೆ ನೆನಪಿಸಿ. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್, ತಡೆಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಹೇಳಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗಾಲಿಕುರ್ಚಿ ಹೋಗುವಂಥ ಸಾರ್ವಜನಿಕ ಜಾಗ ಕೇಳಲು ಬಲ ಕೊಡುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮು, ರಸ್ತೆ ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಅಧಿಕಾರಿ, ಗುತ್ತಿಗೆದಾರರನ್ನೂ ಹೊಣೆ ಮಾಡುತ್ತದೆ. ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಇವನ್ನು ಬೆದರಿಕೆಯಂತೆ ಬರೆಯಬೇಡಿ. ಕೆಲಸ ಮಾಡಬೇಕೆಂಬ ಮನಸ್ಸಿರುವ ಇಂಜಿನಿಯರ್‌ಗೆ ಮೇಲಿನವರ ಮುಂದಿಡಲು ಆಧಾರ ಬೇಕು. ಅದನ್ನು ನೀವು ಕೊಡುತ್ತಿದ್ದೀರಿ.

ಹಣ ಎಲ್ಲಿಂದ ಬರುತ್ತದೆ ಎಂದು ನೀವೇ ಸೂಚಿಸಿದರೆ ಒಳ್ಳೆಯದು. ಪುರಸಭೆಯ ಸ್ವಂತ ನಿಧಿ, ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ಪಟ್ಟಣಗಳ ಅಭಿವೃದ್ಧಿಗೆ ರಾಜ್ಯ ಸರ್ಕಾರ ಕೊಡುವ ನಗರೋತ್ಥಾನ ಹಣ, ಶಾಸಕರ ನಿಧಿ. ಹೇಗೂ ಆ ರಸ್ತೆಗೆ ಡಾಂಬರು ಹಾಕುವ ಕ್ರಿಯಾ ಯೋಜನೆ ಇದ್ದರೆ ಅದರಲ್ಲೇ ಫುಟ್‌ಪಾತ್ ಸೇರಿಸುವುದು ಎಲ್ಲಕ್ಕಿಂತ ಸುಲಭ. ಚೆನ್ನೈ ಪಾಲಿಕೆ 2014ರಲ್ಲಿ ಸಾರಿಗೆ ಬಜೆಟ್ಟಿನ ಶೇ 60 ಭಾಗ ನಡಿಗೆ ಮತ್ತು ಸೈಕಲ್ಲಿಗೆ ಎಂಬ ನೀತಿಯನ್ನೇ ಒಪ್ಪಿತ್ತು. ಅಷ್ಟು ಕೇಳುವುದು ಅತಿಯಾಸೆ ಏನಲ್ಲ ಎಂದು ಹೇಳಲು ಈ ಉದಾಹರಣೆ ಇಟ್ಟುಕೊಳ್ಳಿ.

11. ಎಸ್ಟಿಮೇಟ್ ನೋಡಿ, ಕೆಲಸ ನಡೆಯುವಾಗ ಹತ್ತಿರ ಇರಿ

ಟೆಂಡರ್‌ಗೆ ಮೊದಲು ಎಸ್ಟಿಮೇಟಿನ ಪ್ರತಿ ಪಡೆಯಿರಿ. ಕಂಬ ಸ್ಥಳಾಂತರಕ್ಕೆ ಹಣ ಇದೆಯೇ? ಆ ಹಣ ಕಟ್ಟದೆ ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಕಂಪನಿಗಳು ಕಂಬ ಮುಟ್ಟುವುದಿಲ್ಲ. ಕೊನೆಗೆ ಕಂಬದ ಸುತ್ತಲೇ ಟೈಲ್ಸ್ ಹಾಕಿ ಹೋಗುತ್ತಾರೆ. ಇಳಿಜಾರುಗಳು ಪಟ್ಟಿಯಲ್ಲಿ ಇವೆಯೇ? ನೀರಿನ ಪೈಪು, ಒಳಚರಂಡಿ, ಕೇಬಲ್ ಕೆಲಸ ಬಾಕಿ ಇದೆಯೇ? ಇದ್ದರೆ ಅದು ಮೊದಲು. ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಎಂಬ ಯೋಜನೆಯಡಿ ಹೊಸದಾಗಿ ಮಾಡಿದ ರಸ್ತೆಗಳಿಂದ ಕಲಿಯಬೇಕಾದ ದೊಡ್ಡ ಪಾಠ ಇದೇ. ಪೈಪು, ಕೇಬಲ್‌ಗಳನ್ನು ಫುಟ್‌ಪಾತಿನ ಕೆಳಗೆ ಜೋಡಿಸಿಟ್ಟು ಮುಚ್ಚಳ ಕೊಟ್ಟರೆ ಪದೇ ಪದೇ ಅಗೆಯಬೇಕಿಲ್ಲ.

ಮೇಲಿನ ಹಾಸು ಹೇಗಿರಬೇಕು? ಹೊಳೆಯುವ ಟೈಲ್ಸ್ ಬೇಡವೇ ಬೇಡ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಒರಟು ಕಾಂಕ್ರೀಟ್ ಅಥವಾ ಒರಟು ಕಲ್ಲು ಸಾಕು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಹಾಸಿಗಿಂತ ನೆರಳು ದೊಡ್ಡದು. ಏಪ್ರಿಲ್ ಮಧ್ಯಾಹ್ನ ನೆರಳಿಲ್ಲದ ಫುಟ್‌ಪಾತಿನಲ್ಲಿ ಯಾರೂ ನಡೆಯುವುದಿಲ್ಲ. ಹೊಂಗೆ, ಬೇವು ನೆಡಿಸಿ, ಬುಡಕ್ಕೆ ಸಿಮೆಂಟ್ ಸುರಿಯದಂತೆ ಮಣ್ಣು ಬಿಡಿಸಿ. ಇರುವ ಮರ ಕಡಿದು ಫುಟ್‌ಪಾತ್ ಮಾಡುತ್ತೇವೆ ಎಂದರೆ ಒಪ್ಪಬೇಡಿ. 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ.

ಕೆಲಸ ನಡೆಯುವಾಗ ವಾರಕ್ಕೊಮ್ಮೆ ಟೇಪು ಹಿಡಿದು ಹೋಗಿ. ಅಂಚುಗಲ್ಲು ಕೂರಿಸಿದ ದಿನ ಎತ್ತರ ಅಳೆಯುವುದು ಅತಿ ಮುಖ್ಯ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಒಡೆಯುವುದಿಲ್ಲ. ತಪ್ಪು ಕಂಡರೆ ಮೇಸ್ತ್ರಿಯ ಜತೆ ಜಗಳ ಬೇಡ, ಅವರು ಹೇಳಿದ್ದನ್ನು ಮಾಡುವವರು. ಫೋಟೋ ತೆಗೆದು ಅಂದೇ ಜೆಇಗೆ ಕಳಿಸಿ, ಮಾರನೇ ದಿನ ಬರಹದಲ್ಲಿ ಕೊಡಿ.

12. ಮುಗಿದ ಮೇಲೆ

ಹೊಸ ಫುಟ್‌ಪಾತಿನ ಮೊದಲ ತಿಂಗಳು ನಿರ್ಣಾಯಕ. ಮೊದಲ ಬೈಕ್ ಹತ್ತಿ ನಿಂತು, ಯಾರೂ ಕೇಳದಿದ್ದರೆ ಎರಡನೆಯದು ಬರುತ್ತದೆ. 2017ರ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್ ಮೇಲೆ ವಾಹನ ಓಡಿಸುವಂತಿಲ್ಲ. ಮೊದಲ ವಾರಗಳಲ್ಲಿ ಠಾಣೆಯಿಂದ ಒಬ್ಬರನ್ನು ಸಂಜೆ ಹೊತ್ತು ಕಳಿಸುವಂತೆ ಮೊದಲೇ ಕೇಳಿಕೊಳ್ಳಿ. ಗೂಟ ನೆಟ್ಟರೆ ಸಾಕು ಎನ್ನುವವರಿದ್ದಾರೆ. ಆದರೆ ಗಾಲಿಕುರ್ಚಿ ಹೋಗುವಷ್ಟು ಸಂದು ಬಿಡಲೇಬೇಕು, ಅಷ್ಟರಲ್ಲಿ ಬೈಕೂ ನುಗ್ಗುತ್ತದೆ. ಗೂಟದ ಜತೆ ದಂಡವೂ ಬೇಕು.

ಚಪ್ಪಡಿ ತೆಗೆದವರು ವಾಪಸ್ ಹಾಕಿದರೇ, ಕೇಬಲ್‌ನವರು ಅಗೆದದ್ದನ್ನು ಮುಚ್ಚಿದರೇ, ದೀಪ ಉರಿಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ಇಬ್ಬರು ನಡೆದು ನೋಡಲಿ. ಗುತ್ತಿಗೆದಾರ ಎಷ್ಟು ಕಾಲ ದುರಸ್ತಿಗೆ ಹೊಣೆ ಎಂಬುದು ಕರಾರಿನಲ್ಲಿ ಇರುತ್ತದೆ. ಆ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ, ಅದಕ್ಕೆ ಎರಡು ತಿಂಗಳು ಇರುವಾಗಲೇ ಬಾಕಿ ಪಟ್ಟಿ ಕೊಡಿ.

ಆರು ತಿಂಗಳ ನಂತರ ಮತ್ತೆ ಎಣಿಸಿ. ಅಂಕಿಗಳನ್ನು ಪುರಸಭೆಗೂ, ಶಾಲೆಗೂ, ಅಂಗಡಿಯವರ ಸಂಘಕ್ಕೂ, ಸ್ಥಳೀಯ ಪತ್ರಿಕೆಗೂ ಕೊಡಿ. ಕೆಲಸ ಮಾಡಿಸಿದ ಇಂಜಿನಿಯರ್ ಮತ್ತು ಸದಸ್ಯರ ಹೆಸರು ಹೇಳಿ ಧನ್ಯವಾದ ತಿಳಿಸಿ. ಮುಂದಿನ ರಸ್ತೆ ಆರಿಸುವಾಗ ಊರಿನ ಇನ್ನೊಂದು ತುದಿಗೆ ಹೋಗಬೇಡಿ. ಈ ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಹೊರಡುವ ರಸ್ತೆಯನ್ನು ಹಿಡಿಯಿರಿ, ಮುಂದಿನ ಬಜೆಟ್ ಸಭೆಗೆ ಅದರ ಅಳತೆ ಸಿದ್ಧವಿರಲಿ.